ತಟ್ಟೆ ಸದ್ದಿನ ಎದುರು ದಿಕ್ಕು

ರಾಯದುರ್ಗದ ಬಸ್‌ಸ್ಟ್ಯಾಂಡಿನ ಗೇಟಿನ ಪಕ್ಕ ಮೊನ್ನೆ ಒಬ್ಬಾಕೆ ಸೀತಾಫಲದ ಬುಟ್ಟಿ ಇಳಿಸಿಕೊಂಡು ಕೂತಿದ್ದಳು. ಬಿಸಿಲಿಗೆ ಮೇಲಿನ ಹಣ್ಣುಗಳು ಬಿರಿದು ಒಳಗಿನ ಬಿಳಿ ಕಾಣುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಲ್ಲಾದರೂ ತಟ್ಟೆ ಬಡಿಯುತ್ತಿದ್ದಾರೆಯೇ ಎಂದು ಕಿವಿ ತಾನಾಗಿಯೇ ಹುಡುಕತೊಡಗಿತು. ಬಳ್ಳಾರಿ ಬಸ್ಸಿನ ಹಾರ್ನು, ಕಂಡಕ್ಟರನ ತೆಲುಗು ಕೂಗು, ಇವುಗಳ ನಡುವೆ ತಟ್ಟೆಯ ಸದ್ದು ಎಲ್ಲಿಂದ ಬರಬೇಕು? ಜೊತೆಗಿದ್ದ ಅವ್ವ ಹಣ್ಣು ಒತ್ತಿ ನೋಡುತ್ತಾ ನನ್ನ ಮುಖ ಕಂಡು, "ಯಾಕ, ಹಣ್ಣು ಕಂಡ್ರೂ ಹೆದರ್ತೀಯೇನು?" ಅಂದಳು. ಹೆದರುತ್ತೇನೆ, ಅದೇ ನಿಜ.

ನಾನು ಹುಟ್ಟಾ ಪುಕ್ಕಲಿ. ನಮ್ಮ ಮನೆಯ ತುಂಬ ಜೀನ್ಸ್ ಹೊಲಿಯುವ ಮಿಷನ್ನುಗಳು, ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಗರಗರ. ಕರೆಂಟು ಹೋಗಿ ಅವೆಲ್ಲ ಒಮ್ಮೆಗೇ ನಿಂತಾಗ, ಆ ನಿಶ್ಶಬ್ದಕ್ಕೆ ಹೆದರಿ ಚಿಕ್ಕಂದಿನಲ್ಲಿ ನಾನು ಅಳುತ್ತಿದ್ದೆನಂತೆ. ಗಣಿತ ಹಿಡಿದದ್ದೂ ಒಂದು ರೀತಿಯಲ್ಲಿ ಭಯದಿಂದಲೇ. ಉಳಿದ ಎಲ್ಲ ವಿಷಯಗಳಲ್ಲೂ ಇವತ್ತಿನ ಸರಿ ನಾಳೆ ತಪ್ಪಾಗಬಹುದು. ಇಲ್ಲಿ ಮಾತ್ರ ಒಮ್ಮೆ ಸಾಧಿಸಿದ್ದು ಸಾಧಿಸಿದ್ದೇ, ಯಾರೂ ಕಿತ್ತುಕೊಳ್ಳುವ ಹಾಗಿಲ್ಲ. ಹಾಗೆಂದು ನಂಬಿಕೊಂಡು ಎಂ.ಎಸ್ಸಿ. ಮುಗಿಸಿ, ಸಂಶೋಧನೆಗೆ ಹೆಸರು ಹಚ್ಚಿ, ಮಡಕಶಿರದ ಒಂದು ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರಾಗಿ ಸೇರಿಕೊಂಡಿದ್ದೆ. ನಾನು ಹೇಳಹೊರಟಿರುವುದು ಅಲ್ಲಿ ಕಳೆದ ಒಂದು ಮಳೆಗಾಲದ ಮಾತು.

ನನ್ನ ಗೈಡಿಗೆ ಕೈತುಂಬ ವಿದ್ಯಾರ್ಥಿಗಳಿದ್ದರು. ನನ್ನ ವಿಷಯ ಕೇಳಿದವರೇ, ಇದನ್ನು ಬಲ್ಲವರು ನಿನ್ನ ಪಕ್ಕದಲ್ಲೇ ಇದ್ದಾರಲ್ಲ, ರೊಳ್ಳದ ಹತ್ತಿರದ ರತ್ನಗಿರಿಗೆ ಹೋಗು, ರಂಗಪ್ಪ ಮೇಷ್ಟ್ರನ್ನು ನೋಡು ಎಂದು ಸಾಗಹಾಕಿದರು. ರಂಗಪ್ಪ ಮೇಷ್ಟ್ರು ಪ್ರೊಫೆಸರರಾಗಿ ರಿಟೈರಾಗಿ, ತಾವು ಹುಟ್ಟಿದ ಊರಿಗೇ ಬಂದು ಕೋಟೆ ಬೆಟ್ಟದ ಬುಡದಲ್ಲಿ ಮನೆ ಕಟ್ಟಿಕೊಂಡಿದ್ದರು. ಊರಿನವರಿಗೆ ಪ್ರೊಫೆಸರ್ ಎಂಬ ಮಾತು ನಾಲಗೆಗೆ ಹತ್ತದೆ ಮೇಷ್ಟ್ರು ಎಂದೇ ಕರೆದರು, ಅವರೂ ಅದಕ್ಕೇ ಓಗೊಟ್ಟರು. ನಾನು ಭಾನುವಾರಗಳಲ್ಲಿ ಮಡಕಶಿರದಿಂದ ರೊಳ್ಳದ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಅವರ ಮನೆಗೆ ಹೋಗತೊಡಗಿದೆ.

ಮನೆಯ ಮುಂದಿನ ಜಗಲಿಗೆ ಕಪ್ಪು ಕಡಪ ಕಲ್ಲು ಹಾಸಿತ್ತು. ಅದೇ ಅವರ ಬೋರ್ಡು. ಮೊದಲ ದಿನ ಅವರು ಸೀಮೆಸುಣ್ಣದಿಂದ ಒಂದರೊಳಗೊಂದು ಉಂಗುರ ಬರೆದು, ಇದೊಂದು ಬೋಗುಣಿ ಅಂದುಕೋ ಎಂದರು. ಒಂದೊಂದು ಉಂಗುರವೂ ಒಂದೊಂದು ಮಟ್ಟ. ಉಂಗುರದ ಮೇಲೇ ನಡೆದರೆ ಏರೂ ಇಲ್ಲ, ಇಳಿಜಾರೂ ಇಲ್ಲ. ಆಮೇಲೆ ಪ್ರತಿ ಉಂಗುರಕ್ಕೂ ಅಲ್ಲಲ್ಲಿ ಲಂಬವಾಗಿ, ಏರು ಇರುವ ಕಡೆಗೆ ಮುಖ ಮಾಡಿ, ಪುಟ್ಟ ಪುಟ್ಟ ಬಾಣ ಎಳೆದರು. ಕೊನೆಗೆ ಒದ್ದೆ ಬಟ್ಟೆ ತಗೊಂಡು, ಬಾಣಗಳಿಗೆ ತಾಗದ ಹಾಗೆ, ಉಂಗುರಗಳನ್ನೆಲ್ಲ ಒರೆಸಿಹಾಕಿದರು.

"ಬೋಗುಣಿ ಎಲ್ಲೋಯ್ತು?" ಎಂದರು. "ಹುಡುಕ್ಕೊಡು ನೋಡಾನ."

ಅದೇ ನನ್ನ ಸಂಶೋಧನೆಯ ವಿಷಯ. ಅಚ್ಚುಕಟ್ಟಾದ ಬೋಗುಣಿಯೇ ಆಗಬೇಕೆಂದಿಲ್ಲ. ಗೋಡೆ ಒಂದು ಕಡೆ ಕಡಿದಾಗಿ, ಇನ್ನೊಂದು ಕಡೆ ಸಾವಕಾಶವಾಗಿ ಏರಬಹುದು. ಉಂಗುರಗಳು ಮಾತ್ರ ಎಲ್ಲೂ ಒಳಕ್ಕೆ ತಗ್ಗದೆ ಹೊರಕ್ಕೇ ಉಬ್ಬಿರಬೇಕು. ಅಂಥ ಆಕಾರದ ಎತ್ತರಗಳನ್ನೆಲ್ಲ ಅಳಿಸಿ, ಒಂದೊಂದು ಜಾಗದಲ್ಲಿ ಏರು ಯಾವ ಕಡೆಗೆ ಎಂಬ ದಿಕ್ಕನ್ನಷ್ಟೇ ಕೊಟ್ಟರೆ ಆಕಾರವನ್ನು ಮರಳಿ ಕಟ್ಟಬಹುದೇ? ಕಟ್ಟಬಹುದು, ಆದರೆ ಪೂರ್ತಿ ಅಲ್ಲ. ಎತ್ತರ ಎಷ್ಟೆಂದು ಸಿಗುವುದಿಲ್ಲ. ಯಾವ ಜಾಗ ಯಾವುದಕ್ಕಿಂತ ಮೇಲೆ ಎಂಬುದು ಮಾತ್ರ ಸಿಗುತ್ತದೆ. ಅದಕ್ಕೂ ಒಂದು ಕಟ್ಟಳೆ ಇದೆ: ಬಾಣಗಳು ಸುತ್ತು ಹಾಕಬಾರದು. ಹೆಜ್ಜೆ ಹೆಜ್ಜೆಗೂ ಏರುತ್ತಲೇ ಹೋದವನು ಹೊರಟ ಜಾಗಕ್ಕೇ ಬಂದು ನಿಂತರೆ, ಅಂಥ ಆಕಾರ ಇರಲು ಸಾಧ್ಯವೇ ಇಲ್ಲ.

ಮೇಷ್ಟ್ರು ಸೀಮೆಸುಣ್ಣದ ಕೈಯನ್ನೇ ಎತ್ತಿ ಬೆಟ್ಟ ತೋರಿಸಿದರು. ಬೆಟ್ಟವೆಂದರೆ ಮಗುಚಿಟ್ಟ ಬೋಗುಣಿ. ಅದರ ಮೈಮೇಲೆ ಒಂದರ ಮೇಲೊಂದು ತೆಳುವಾದ ಗೆರೆಗಳಿದ್ದವು, ಕುರಿ ನಡೆದು ನಡೆದು ಆದ ದಾರಿಗಳು. ಕುರಿ ಮೇಯುವಾಗ ಸುಮ್ಮಸುಮ್ಮನೆ ಹತ್ತಿ ಇಳಿದು ಮಾಡುವುದಿಲ್ಲ, ಮಟ್ಟದ ಮೇಲೇ ಸಾಗುತ್ತದೆ, ಹಾಗಾಗಿ ಆ ದಾರಿಗಳೇ ಉಂಗುರಗಳು ಎಂದರು. ಅದನ್ನು ದಾರಿಯೆಂದು ನಂಬಿ ಹಿಡಿದವನು ಬೆಟ್ಟ ಸುತ್ತುತ್ತಲೇ ಇರುತ್ತಾನೆ, ಊರು ಸೇರುವುದಿಲ್ಲ. ಊರು ಬೇಕಾದವನು ಕುರಿದಾರಿಯನ್ನು ಅಡ್ಡಲಾಗಿ ದಾಟಿ ಇಳಿಯಬೇಕು. ಅಷ್ಟು ಸುಲಭದಲ್ಲಿ ಲಂಬವೆಂದರೇನೆಂದು ನನಗೆ ಯಾರೂ ಹೇಳಿರಲಿಲ್ಲ.

ಅದೇ ಹೊತ್ತಿಗೆ ಬೆಟ್ಟದ ಕಡೆಯಿಂದ ಠಣಠಣ ಎಂದು ತಟ್ಟೆ ಬಡಿಯುವ ಸದ್ದು ಬಂತು. ಮೇಷ್ಟ್ರು ಮಾತು ನಿಲ್ಲಿಸಿ ಎದ್ದು ನಿಂತರು. ಸೀಮೆಸುಣ್ಣ ಹಿಡಿದುಕೊಂಡೇ ಬೆಟ್ಟಕ್ಕೆ ಬೆನ್ನು ಮಾಡಿ ಬಾಗಿಲ ಕಡೆಗೆ ಸರಿದರು. ಅದು ಆ ಊರಿನ ಪದ್ಧತಿ. ಸೀತಾಫಲ ಹಣ್ಣಾಗುವ ಕಾಲಕ್ಕೆ ಬೆಟ್ಟಕ್ಕೆ ಕರಡಿ ಬರುತ್ತವೆ, ಅವಕ್ಕೂ ಆ ಹಣ್ಣು ಪ್ರಾಣ. ಕಾಯಿ ಕೀಳಲು ಹೋಗುವವರು ಸೊಂಟಕ್ಕೆ ಒಂದು ತಟ್ಟೆ ಸಿಕ್ಕಿಸಿಕೊಂಡೇ ಹೋಗುತ್ತಾರೆ. ಕರಡಿ ಕಂಡವರು ಬಡಿಯುತ್ತಾರೆ. ಕೇಳಿದವರು ಸದ್ದು ಬಂದ ಕಡೆಗೆ ಬೆನ್ನು ಮಾಡಿ ಹೋಗುತ್ತಾರೆ. ನಡೆಯಲು ಕಲಿತ ಮಗುವಿಗೂ ಅಲ್ಲಿ ಮೊದಲು ಇದನ್ನು ಕಲಿಸುತ್ತಾರೆ ಎಂದು ಮೇಷ್ಟ್ರು ಹೇಳಿದರು. ನಾನು ಮನಸ್ಸಿನಲ್ಲೇ ಆಟೋದವನ ಫೋನ್ ನಂಬರು ನೆನೆಸಿಕೊಂಡೆ.

ಆ ವರ್ಷ ಮಳೆ ತಡವಾಗಿ ಬಂದು, ಬಂದ ಮೇಲೆ ಬಿಡದೆ ಜಿನುಗಿತು. ಶೇಂಗಾ ಹೊಲಗಳು ತಿಳಿಹಳದಿ ಹೂ ಬಿಟ್ಟವು, ಬೆಟ್ಟದ ಬಂಡೆಗಳ ಸಂದಿಯಲ್ಲೆಲ್ಲ ಹಸಿರು ತುಂಬಿತು. ನಾನು ಹೋದಾಗಲೆಲ್ಲ ಮೇಷ್ಟ್ರ ಹೆಂಡತಿ ಜಯಮ್ಮನವರು ಕಾಫಿ ಕೊಡುವರು. ಒಂದು ಭಾನುವಾರ ಮೇಷ್ಟ್ರು ನನ್ನ ಜೊತೆಗೇ ಕಾಫಿ ಕುಡಿದು ಲೋಟ ಕೆಳಗಿಟ್ಟ ಕೈಯಲ್ಲೇ, ಈ ಹುಡುಗಿಗೆ ಕಾಫಿನೇ ಕೊಟ್ಟಿಲ್ವಲ್ಲ ಎಂದು ಒಳಗೆ ಕೂಗಿದರು. ಜಯಮ್ಮನವರು ಇನ್ನೊಂದು ಲೋಟ ತಂದಿಟ್ಟರು. ನಾನು ಅದನ್ನೂ ಕುಡಿದೆ. ಆಮೇಲಾಮೇಲೆ ಹೆಂಡತಿಯನ್ನು ತೀರಿಹೋದ ಅಕ್ಕನ ಹೆಸರಿನಿಂದ ಕರೆದರು, ನನ್ನ ಹೆಸರಿನ ಬದಲು ರಾಯದುರ್ಗದಮ್ಮ ಎನ್ನತೊಡಗಿದರು. ಗಣಿತದಲ್ಲಿ ಮಾತ್ರ ಒಂದು ಚುಕ್ಕೆ ತಪ್ಪುತ್ತಿರಲಿಲ್ಲ. ನನ್ನ ಸಾಧನೆಯ ಸಾಲು ಓದಿಸಿ, ಎಲ್ಲಿ ಜಾರಿದ್ದೇನೆಂದು ಕಣ್ಣು ಮುಚ್ಚಿಕೊಂಡೇ ಹೇಳುವರು.

ತಮಗೇನಾಗುತ್ತಿದೆ ಎಂದು ಅವರಿಗೆ ಗೊತ್ತಿತ್ತು. ಮದುವೆ ಯಾವ ವರ್ಷ ಆಯಿತು, ಮನೆ ಯಾವಾಗ ಕಟ್ಟಿದ್ದು, ಯಾವುದೂ ಅವರಿಗೆ ನೆನಪಿರಲಿಲ್ಲ. ಮದುವೆ ಆದ ಮೇಲೆ ನೌಕರಿ, ನೌಕರಿ ಆದ ಮೇಲೆ ಬೋರ್‌ವೆಲ್ಲು, ಅದಾದ ಮೇಲೆ ಮನೆ ಎಂದು ಸಾಲು ಹಿಡಿದು ಹೇಳುವರು. "ಎಷ್ಟು ಅನ್ನೋದು ಹೋಯ್ತು ಕಣಮ್ಮ," ಎಂದು ಒಂದು ದಿನ ನಕ್ಕರು. "ಯಾವುದ್ರ ಮೇಲೆ ಯಾವುದು ಅನ್ನೋದು ಉಳಿದೈತೆ. ನಮ್ ಥಿಯರಮ್ಮೂ ಅಷ್ಟೇ ತಾನೆ ಕೊಡೋದು?" ನಾನೂ ನಗಬೇಕಿತ್ತು, ಆಗಲಿಲ್ಲ. ಆಮೇಲೆ ಅವರು ತಮ್ಮ ಪಾಡಿಗೆ ಎಂಬಂತೆ, ಬೆಳಗ್ಗೆ ಏಳುವಾಗ ಭಯವಾಗುತ್ತದೆ, ಇವತ್ತು ಏನು ಹೋಗಿದೆಯೋ ಎಂದು ಮನೆಯೆಲ್ಲ ನೋಡುತ್ತೇನೆ ಎಂದರು.

ಆ ದಿನ ಜಯಮ್ಮನವರು ಆಟೋ ತನಕ ಬಂದರು. "ನೀನು ಬರೋದ ಬಿಡಬ್ಯಾಡ ಕಣಮ್ಮ," ಎಂದರು. "ಲೆಕ್ಕ ಇರೋಗಂಟ ಅವರು ಇರ್ತಾರೆ. ಅದೂ ಹೋದ್ರೆ ನನ್ನ ಹತ್ರ ಹಿಡ್ಕಳಾಕೆ ಏನೂ ಇಲ್ಲ." ಅವತ್ತಿನಿಂದ ನನಗೆ ಭಾನುವಾರವೆಂದರೆ ಪರೀಕ್ಷೆ. ಜಗಲಿಯ ಮೇಲೆ ಮೇಷ್ಟ್ರು ಕಂಡು, ಬಾ ಎಂದು ಕರೆದು, ಹೋದ ವಾರ ಎಲ್ಲಿ ನಿಲ್ಲಿಸಿದ್ದೆವೋ ಅಲ್ಲಿಂದಲೇ ಶುರು ಮಾಡಿದರೆ ಮಾತ್ರ ನನ್ನ ಉಸಿರು ಕೆಳಗಿಳಿಯುತ್ತಿತ್ತು. ಊರಲ್ಲಿ ಅವ್ವನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ, ಮೇಷ್ಟ್ರ ಮಾತು ಬಿಟ್ಟು ಕರಡಿಯ ಮಾತನ್ನೇ ಹಿಡಿದುಕೊಂಡು, ಅಂಥಾ ಊರಿಗೆ ಯಾಕ ಹೋಗ್ತೀಯೆಂದು ಗೋಳು ಹೊಯ್ದುಕೊಂಡಳು.

ಆ ಕಾಲದಲ್ಲೇ ಮೇಷ್ಟ್ರಿಗೂ ನನಗೂ ಒಂದು ಜಗಳವಾಯಿತು. ಆಕಾರದಲ್ಲಿ ಎಲ್ಲೂ ಸಮತಟ್ಟು ಜಾಗ ಇರಬಾರದೆಂದು ಷರತ್ತು ಹಾಕು ಎಂದು ಮೇಷ್ಟ್ರು. ಷರತ್ತು ಹೆಚ್ಚಿದಷ್ಟೂ ಪ್ರಮೇಯ ಬಡವಾಗುತ್ತದೆ, ಪರೀಕ್ಷಕರು ಅದನ್ನೇ ಹಿಡಿದು ನನ್ನನ್ನು ಜಾಡಿಸುತ್ತಾರೆ ಎಂಬ ಹೆದರಿಕೆ ನನಗೆ. ಷರತ್ತಿಲ್ಲದೆಯೇ ಸಾಧಿಸುತ್ತೇನೆಂದು ಹಟ ಹಿಡಿದೆ. ಅವರು ಬೇಸರಪಡಲಿಲ್ಲ. ಏರೋ ಇಳಿಜಾರೋ ಏನೋ ಒಂದಿದ್ದರೆ ಅಲ್ಲೊಂದು ಬಾಣ ಇರುತ್ತದೆ, ಬಾಣವಿದ್ದರೆ ನಾವು ಹುಡುಕಿಕೊಂಡು ಹೋಗಬಹುದು. ಸಮತಟ್ಟು ಜಾಗದಲ್ಲಿ ಯಾವ ದಿಕ್ಕೂ ಇಲ್ಲ, ಅಲ್ಲಿ ನಮ್ಮಂಥವರಿಗೆ ಕೆಲಸವಿಲ್ಲ ಎಂದರು. ನಾನು ಮುಖ ಊದಿಸಿಕೊಂಡು ಬಸ್ಸು ಹತ್ತಿದೆ.

ಮುಂದಿನ ಭಾನುವಾರ ನನ್ನ ಬಸ್ಸು ತಡವಾಯಿತು. ಊರು ಮುಟ್ಟಿದಾಗ ಮಧ್ಯಾಹ್ನ ಬಾಗಿತ್ತು. ಜಗಲಿಯ ಮೇಲೆ ಯಾರೂ ಇರಲಿಲ್ಲ. ಬಾಗಿಲು ತೆರೆದಿತ್ತು, ಒಳಗೂ ಯಾರಿಲ್ಲ. ಪಕ್ಕದ ಮನೆಯವರು ಬೆಟ್ಟದ ಕಡೆ ಕೈ ಮಾಡಿದರು. ಉಂಡ ಮೇಲೆ ಜಯಮ್ಮನವರು ಹಿತ್ತಲಲ್ಲಿ ಪಾತ್ರೆ ತೊಳೆಯುವಷ್ಟರಲ್ಲಿ ಮೇಷ್ಟ್ರು ಎದ್ದು ಹೋಗಿದ್ದರು. ಸೀಮೆಸುಣ್ಣ ಹಿಡಿದುಕೊಂಡು ಬೆಟ್ಟ ಹತ್ತುತ್ತಿದ್ದದ್ದನ್ನು ಕುರಿ ಕಾಯುವ ಮಾಳಪ್ಪ ನೋಡಿದ್ದ, ಗಾಳಿಗೆ ಹೋಗುತ್ತಿದ್ದಾರೆಂದು ಸುಮ್ಮನಾಗಿದ್ದ. ಹೊತ್ತಾದರೂ ಬರಲಿಲ್ಲವೆಂದು ಈಗ ಊರಿನ ಗಂಡಸರೆಲ್ಲ ಹುಡುಕಲು ಹೋಗಿದ್ದರು. ಸೀತಾಫಲದ ಕಾಲ, ಹೊತ್ತು ಇಳಿಯುತ್ತಿದೆ, ಕರಡಿ ಹೊರಬೀಳುವ ಸಮಯ. ಬರಿಗೈಯಲ್ಲಿ ಹತ್ತಲು ಯಾರಿಗೂ ಧೈರ್ಯವಿರಲಿಲ್ಲ. ಕರಡಿ ಕಂಡರೂ ಕಾಣದಿದ್ದರೂ ಇರಲಿ ಎಂದು ಎಲ್ಲರೂ ತಟ್ಟೆ ಬಡಿಯುತ್ತಲೇ ಹೋಗಿದ್ದರು.

ನಾನು ಹೇಗೆ ಹತ್ತಿದೆನೋ ನನಗೇ ತಿಳಿಯದು. ಬೆಟ್ಟದ ಅರ್ಧಕ್ಕೆ ಜಯಮ್ಮನವರು ಸಿಕ್ಕರು, ಅವರ ಕೈಯಲ್ಲೂ ಒಂದು ತಟ್ಟೆ. ಸೆರಗು ಸೊಂಟಕ್ಕೆ ಬಿಗಿದಿದ್ದರು, ಬಡಿದೂ ಬಡಿದೂ ತೋಳು ಸೋತಿತ್ತು. ಇಬ್ಬರೂ ಗುಂಪಿನ ಹಿಂದೆ ಓಡಿದೆವು. ಮೂಡಲ ಮಗ್ಗುಲಲ್ಲಿದ್ದ ಮಾಳಪ್ಪ, ಮೇಷ್ಟ್ರು ಈಗಷ್ಟೇ ಕುರಿದಾರಿ ಹಿಡಿದು ಬಡಗಲಿಗೆ ಹೋದರು ಎಂದ. ಗುಂಪು ತಟ್ಟೆ ಬಡಿಯುತ್ತಾ ಬಡಗಲಿಗೆ ಹೋಯಿತು. ಅಲ್ಲಿ ಹಣ್ಣು ಆಯುತ್ತಿದ್ದ ಒಬ್ಬ ಹೆಂಗಸು, ಕರೆದರೂ ನಿಲ್ಲದೆ ಪಡುವಲಿಗೆ ಓಡಿದರು ಎಂದಳು. ಪಡುವಲಿಗೆ ಹೋದರೆ, ಕೆಳಗೆ ಶೇಂಗಾ ಹೊಲದಲ್ಲಿದ್ದವರು ತೆಂಕಲಿಗೆ ತಿರುಗಿದರೆಂದು ಕೂಗಿ ಹೇಳಿದರು. ತೆಂಕಲಿಗೆ ಹೋಗುವಷ್ಟರಲ್ಲಿ ಮಾಳಪ್ಪ ಮೂಡಲಿನಿಂದ ಓಡಿ ಬಂದು, ಈಗ ಮತ್ತೆ ನನ್ನ ಕುರಿ ಬೆದರಿಸಿಕೊಂಡು ಅದೇ ಬಡಗಲಿಗೆ ಹೋದರಲ್ಲ ಎಂದ.

ನಾನು ಒಂದು ಬಂಡೆ ಹಿಡಿದುಕೊಂಡು ನಿಂತುಬಿಟ್ಟೆ. ಯಾರಿಗೂ ಅವರು ಎಷ್ಟು ದೂರದಲ್ಲಿದ್ದಾರೆಂದು ಗೊತ್ತಿರಲಿಲ್ಲ, ಯಾವ ಕಡೆ ಹೋದರೆಂದು ಮಾತ್ರ ಗೊತ್ತಿತ್ತು. ಬರೀ ಬಾಣಗಳು. ಆ ಬಾಣಗಳು ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದಿದ್ದವು. ಇಂಥ ಆಕಾರ ಇರಲು ಸಾಧ್ಯವಿಲ್ಲ ಎಂದು ನಾನೇ ಪುಟಗಟ್ಟಲೆ ಬರೆದಿದ್ದೆ. ಈ ಮನುಷ್ಯ ಯಾವ ಜಾಗವನ್ನು ಸೇರಲು ಹೊರಟಿದ್ದಾರೆ? ಯಾವುದೂ ಇಲ್ಲದಿದ್ದರೆ ನಾವು ಎಲ್ಲಿ ಹುಡುಕುವುದು? ಹೊತ್ತು ಇನ್ನೇನು ಮುಳುಗುವುದರಲ್ಲಿತ್ತು. ಕತ್ತಲಾದ ಮೇಲೆ ಅವರು ಯಾವ ಬಂಡೆಯಿಂದ ಜಾರುತ್ತಾರೋ, ಯಾವುದರ ಎದುರಿಗೆ ಹೋಗಿ ನಿಲ್ಲುತ್ತಾರೋ.

"ಸರ್ ಯಾರನ್ನ ಹುಡುಕಾಕ ಹತ್ಯಾರಮ್ಮ?" ಎಂದೆ. "ಯಾಕ ಹಿಂಗ ಓಡ್ತಾರ್ರಿ?"

ಜಯಮ್ಮನವರು ಬಡಿಯುವುದನ್ನು ನಿಲ್ಲಿಸಿದರು. ತಮ್ಮ ಕೈಯಲ್ಲಿದ್ದ ತಟ್ಟೆಯನ್ನೇ ನೋಡಿದರು.

"ಯಾರನ್ನೂ ಹುಡುಕ್ತಾ ಇಲ್ಲ ಕಣಮ್ಮ," ಎಂದರು. "ಹೆದರವ್ರೆ. ಏನ್ ಮರ್ತಿದ್ರೂ ಇದೊಂದ ಮರ್ತಿಲ್ಲ. ತಟ್ಟೆ ಸದ್ದಿದ್ದ ಕಡೆ ಕರಡಿ ಐತೆ ಅಂತ. ನಾವೇ ಅವರನ್ನ ಓಡಿಸ್ಕಂಡು ತಿರುಗ್ತಾ ಇದೀವಿ."

ಬಾಣಗಳು ಸುಳ್ಳು ಹೇಳಿರಲಿಲ್ಲ. ನಾನು ಕಟ್ಟಲು ಹೊರಟ ಆಕಾರ ತಪ್ಪಾಗಿತ್ತು. ಅವರು ಬೆಟ್ಟದ ಏರಿಳಿತ ನೋಡಿ ನಡೆಯುತ್ತಿರಲಿಲ್ಲ, ಭಯದ ಏರಿಳಿತ ನೋಡಿ ನಡೆಯುತ್ತಿದ್ದರು. ಭಯದ ತುದಿ ಎಲ್ಲಿದೆಯೋ ಅದಕ್ಕೆ ಬೆನ್ನು ಮಾಡಿ ಇಳಿಯುತ್ತಿದ್ದರು. ಆ ತುದಿ ಒಂದು ಕಡೆ ನಿಂತಿದ್ದರೆ ಅವರೂ ಒಂದು ಕಡೆ ಹೋಗಿ ಸೇರುತ್ತಿದ್ದರು. ಅವರನ್ನು ಕಾಪಾಡುತ್ತೇವೆಂದು ನಾವು ಆ ತುದಿಯನ್ನೇ ಹೊತ್ತುಕೊಂಡು ಅವರ ಬೆನ್ನಿಗೆ ಬಿದ್ದಿದ್ದೆವು. ಕಾಲಿನ ಕೆಳಗಿನ ಕುರಿದಾರಿ ಅವರನ್ನು ಮೇಲಕ್ಕೂ ಬಿಡದೆ, ಕೆಳಕ್ಕೂ ಬಿಡದೆ ಸುತ್ತಿಸುತ್ತಿತ್ತು. ಹಾಗಾದರೆ ಸದ್ದು ನಿಲ್ಲಿಸಿ ಇದೇ ದಾರಿಯ ಮೇಲೆ ಅಲುಗಾಡದೆ ಕೂತರೆ ಅವರು ಇಲ್ಲಿಗೇ ಬರಬೇಕು. ಇದನ್ನು ಜಯಮ್ಮನವರಿಗೆ ಹೇಳಿದೆ, ಅವರಿಗೆ ಅರ್ಥವಾಯಿತು.

ಗಂಡಸರಿಗೆ ಅರ್ಥ ಮಾಡಿಸುವುದು ಕಷ್ಟವಾಯಿತು. ಈ ಹೊತ್ತಿನಲ್ಲಿ ತಟ್ಟೆ ನಿಲ್ಲಿಸಿದರೆ ನಮ್ಮ ಗತಿಯೇನೆಂದು ಮಾಳಪ್ಪನೇ ಕೇಳಿದ. ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಕೊನೆಗೆ ಜಯಮ್ಮನವರು, ನೀವೆಲ್ಲ ಸದ್ದಿಲ್ಲದೆ ಕೆಳಗಿಳಿದು ಬುಡದಲ್ಲಿ ನಿಲ್ಲಿ, ನಾನಿರ್ತೀನಿ ಎಂದರು. ಮಾಳಪ್ಪ ತನ್ನ ದೊಣ್ಣೆ ಕೊಟ್ಟುಹೋದ. ನಾನೂ ಇಳಿದುಬಿಡಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಇಳಿಯಲಿಲ್ಲ. ಅದು ಧೈರ್ಯದಿಂದಲ್ಲ, ಆ ಗುಂಪಿನ ಜೊತೆ ಕೆಳಗೆ ನಿಂತು, ಇಲ್ಲಿ ಏನಾಗುತ್ತಿದೆಯೋ ಎಂದು ಕಾಯುವುದು ಇನ್ನೂ ಹೆಚ್ಚು ಭಯವೆನಿಸಿತು.

ಎಲ್ಲರೂ ಇಳಿದು ಹೋದ ಮೇಲೆ ಬೆಟ್ಟ ಒಮ್ಮೆಗೇ ಸುಮ್ಮನಾಯಿತು. ಮನೆಯ ಮಿಷನ್ನುಗಳೆಲ್ಲ ನಿಂತಾಗ ಆಗುತ್ತಿದ್ದಂತೆಯೇ ಅಳು ಒತ್ತರಿಸಿ ಬಂತು. ಕುರಿದಾರಿಯ ಮೇಲೆ, ಬಂಡೆಗೆ ಬೆನ್ನು ಕೊಟ್ಟು, ಇಬ್ಬರೂ ಮೈಗೆ ಮೈ ತಾಗಿಸಿ ಕೂತೆವು. ಸುತ್ತ ಸೀತಾಫಲದ ಗಿಡಗಳು, ಹಣ್ಣು ಉದುರಿ ಒಡೆದು ಆ ಸಿಹಿ ವಾಸನೆ ಗಂಟಲಿಗೆ ಅಂಟುವಷ್ಟು ದಟ್ಟವಾಗಿತ್ತು. ಕರಡಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ ಸಿಗಬೇಕು ಎಂದುಕೊಂಡೆ. ಪಡುವಲ ಬಿಸಿಲು ಬಂಡೆಗಳ ನೆತ್ತಿಯ ಮೇಲೆ ಮಾತ್ರ ಉಳಿದಿತ್ತು. ಜಯಮ್ಮನವರು ತಟ್ಟೆಯನ್ನು ಮಡಿಲಲ್ಲಿ ಮಗುಚಿಟ್ಟುಕೊಂಡು, ತಪ್ಪಿಯೂ ಸದ್ದಾಗದ ಹಾಗೆ ಅದರ ಮೇಲೆ ಎರಡೂ ಕೈ ಇಟ್ಟಿದ್ದರು.

ಎಷ್ಟು ಹೊತ್ತು ಕೂತೆವೋ. ತಿರುವಿನಾಚೆ ತರಗೆಲೆ ಸರಕ್ಕೆಂದಿತು. ಆಮೇಲೆ ಏದುಸಿರು. ದೊಡ್ಡದು, ಒರಟಾದದ್ದು, ನಿಂತು ನಿಂತು ಬರುತ್ತಿತ್ತು. ಅದು ಮನುಷ್ಯನ ಉಸಿರೋ ಮೃಗದ್ದೋ ತಿಳಿಯಲಿಲ್ಲ. ಗಿಡದ ಹಿಂದೆ ಕಪ್ಪಗೆ ಏನೋ ಬಗ್ಗಿಕೊಂಡು ನಿಂತಿತ್ತು. ನನ್ನ ಕೈ ದೊಣ್ಣೆಯ ಮೇಲಿತ್ತು. ಮೇಷ್ಟ್ರಾಗಿದ್ದು ನಾವು ಕೂಗಿದರೆ ಓಡಿಹೋಗುತ್ತಾರೆ, ಕರಡಿಯಾಗಿದ್ದು ಕೂಗದಿದ್ದರೆ ನಾವು ಉಳಿಯುವುದಿಲ್ಲ. ಆಗ ಜಯಮ್ಮನವರು, ಜಗಲಿಯ ಮೇಲಿದ್ದವರನ್ನು ಅಡುಗೆಮನೆಯಿಂದ ಕರೆಯುವ ದನಿಯಲ್ಲಿ, ಒಂದಿಷ್ಟೂ ಏರಿಸದೆ ಇಳಿಸದೆ ಹೇಳಿದರು:

"ಕಾಫಿ ಆರೋಗ್ತೈತೆ, ಬನ್ನಿ."

ಕಪ್ಪಗಿದ್ದದ್ದು ನೆಟ್ಟಗಾಯಿತು. ಮೇಷ್ಟ್ರು. ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಅಂಗಿ ಮುಳ್ಳಿಗೆ ಸಿಕ್ಕಿ ಹರಿದಿತ್ತು, ಮೊಣಕೈಯಿಂದ ರಕ್ತ ಜಿನುಗುತ್ತಿತ್ತು. ಮುಷ್ಟಿಯಲ್ಲಿ ಸೀಮೆಸುಣ್ಣ ಪುಡಿಯಾಗಿ ಬೆರಳೆಲ್ಲ ಬೆಳ್ಳಗಾಗಿತ್ತು. ಬಂದವರೇ ಜಯಮ್ಮನವರ ಮುಂದೆ ಕುಕ್ಕರಿಸಿದರು. ಅಂಥ ಭಯವನ್ನು ನಾನು ಬೇರೆ ಯಾರ ಮುಖದಲ್ಲೂ ನೋಡಿಲ್ಲ.

"ಸದ್ದು ಮಾಡಬ್ಯಾಡ," ಎಂದರು ಪಿಸುದನಿಯಲ್ಲಿ. "ಸುತ್ತಲೂ ಅವೆ. ಎತ್ತ ಹೋದ್ರೂ ಬರ್ತವೆ."

"ಹೋದ್ವು," ಎಂದರು ಜಯಮ್ಮನವರು. "ಎಲ್ಲಾ ಹೋದ್ವು. ಏಳಿ."

ಮೇಷ್ಟ್ರು ನನ್ನನ್ನು ನೋಡಿ, ಈಯಮ್ಮ ಯಾರು ಎಂದು ಹೆಂಡತಿಯನ್ನು ಕೇಳಿದರು. ರಾಯದುರ್ಗದಮ್ಮ ಎಂದು ಅವರು ಹೇಳಿದಾಗ, ದಾರಿಯಲ್ಲಿ ಸಿಕ್ಕ ಅಪರಿಚಿತರಿಗೆ ತಲೆಯಾಡಿಸುವಂತೆ ತಲೆಯಾಡಿಸಿದರು. ಇಳಿಯಲು ಎದ್ದೆವು. ನಾನು ಕಾಲಿಗೆ ಸಿಕ್ಕ ಸವೆದ ದಾರಿಯನ್ನೇ ಹಿಡಿದು ಮುಂದೆ ಹೋದೆ. ಹಿಂದಿನಿಂದ ಅವರ ಕೈ ನನ್ನ ತೋಳನ್ನು ಹಿಡಿಯಿತು. ಅದು ಕುರಿದಾರಿ, ಅಡ್ಡಲಾಗಿ ಇಳಿ ಎಂದರು. ನಾನು ಯಾರೆಂದು ಗೊತ್ತಿಲ್ಲದೆಯೇ ನನಗೆ ದಾರಿ ಹೇಳುತ್ತಿದ್ದರು. ನಾನು ಅತ್ತುಕೊಂಡೇ ಇಳಿದೆ.

ಆಮೇಲೆ ಭಾನುವಾರಗಳು ಬೇರೆಯಾದವು. ನಾನು ಜಗಲಿ ಹತ್ತಿದ ಕೂಡಲೇ ಮೇಷ್ಟ್ರು, ಕರಡಿ ಹೋಯ್ತಾ ಎಂದು ಕೇಳುವರು. ಹೋಯ್ತು ಸರ್ ಎನ್ನುವೆ. ಅಷ್ಟಾದ ಮೇಲೇ ಸೀಮೆಸುಣ್ಣ ಕೈಗೆ ತಗೊಳ್ಳುವರು. ಕೆಲವು ವಾರ ಒಂದು ಸಾಲು ಸಾಗುತ್ತಿತ್ತು, ಕೆಲವು ವಾರ ಬರೀ ಉಂಗುರಗಳು. ಸಮತಟ್ಟಿನ ಷರತ್ತನ್ನು ನಾನು ಬಾಯಿಮುಚ್ಚಿಕೊಂಡು ಸೇರಿಸಿದೆ. ತಟ್ಟೆಯ ಸದ್ದೆಂದರೆ ಅವರಿಗೆ ಮೊದಲಿಗಿಂತ ಹೆಚ್ಚಿನ ದಿಗಿಲು. ಒಳಗೆ ಒಂದು ಮುಚ್ಚಳ ಜಾರಿದರೂ ಎದ್ದು ಎದುರು ಮೂಲೆಗೆ ಹೋಗಿ ಗೋಡೆಗೆ ಆತು ನಿಲ್ಲುವರು. ಜಯಮ್ಮನವರು ಸ್ಟೀಲ್ ತಟ್ಟೆಗಳನ್ನೆಲ್ಲ ಅಟ್ಟಕ್ಕೆ ಹಾಕಿ ಊಟಕ್ಕೆ ಮುತ್ತುಗದೆಲೆ ಹಾಕತೊಡಗಿದರು. ಈ ಭಯ ಒಂದು ಹೋದರೆ ಸಾಕು ಎಂದು ಹತ್ತಿರದ ಹೇಮಾವತಿ ಊರಿನ ಸಿದ್ದೇಶ್ವರನಿಗೆ ಹರಕೆ ಕಟ್ಟಿಕೊಂಡಿದ್ದರು. ನಾನೂ ಬಸ್ಸಿನಲ್ಲಿ ಕೂತು ಅದನ್ನೇ ಬೇಡಿಕೊಳ್ಳುತ್ತಿದ್ದೆ.

ಸೀತಾಫಲ ಮುಗಿದು ಚಳಿ ಬಿದ್ದಿತ್ತು. ಹೊಲಗಳಲ್ಲಿ ಶೇಂಗಾ ಕಿತ್ತು ಒಟ್ಟಿದ್ದರು. ಆ ಭಾನುವಾರ ಮೇಷ್ಟ್ರು ಜಗಲಿಯ ಮೇಲೆ ಬಿಸಿಲಿಗೆ ಕೂತಿದ್ದರು. ನಾನು ಹತ್ತಿರ ಕೂತೆ. ಅವರು ಏನನ್ನೂ ಕೇಳಲಿಲ್ಲ. ಇವತ್ತು ಮನಸ್ಸು ಚೆನ್ನಾಗಿರಬೇಕು ಎಂದುಕೊಂಡು ನಾನೇ ಸೀಮೆಸುಣ್ಣ ತಗೊಂಡು ಕಪ್ಪು ಕಲ್ಲಿನ ಮೇಲೆ ಬಾಣಗಳನ್ನು ಎಳೆದೆ, ಮೊದಲ ದಿನ ಅವರು ಎಳೆದ ಹಾಗೆಯೇ. ಅವರು ಅದನ್ನು ನೋಡುತ್ತಾ ಕೂತರು. ಒಳಗೆ ಜಯಮ್ಮನವರು ಹುರಿದ ಶೇಂಗಾ ಆರಹಾಕಲೆಂದು ಅಟ್ಟದಿಂದ ದೊಡ್ಡ ತಟ್ಟೆ ಇಳಿಸುತ್ತಿದ್ದರು. ಕೈ ಜಾರಿತು.

ಕಲ್ಲು ನೆಲದ ಮೇಲೆ ತಟ್ಟೆ ಠಣಾರೆಂದು ಬಿತ್ತು. ಬಿದ್ದದ್ದು ಅಲ್ಲಿಗೇ ನಿಲ್ಲದೆ, ಅಂಚಿನ ಮೇಲೆ ಗರಗರ ಸುತ್ತುತ್ತಾ ಮನೆಯೆಲ್ಲ ಮೊಳಗಿತು. ನಾನು ದಡಕ್ಕನೆ ಎದ್ದು ಅವರನ್ನು ಹಿಡಿದುಕೊಳ್ಳಲು ಕೈಚಾಚಿದೆ. ಜಯಮ್ಮನವರು ಬಾಗಿಲಿಗೆ ಓಡಿ ಬಂದರು. ಮೇಷ್ಟ್ರು ತಲೆ ಎತ್ತಲಿಲ್ಲ. ಬಾಣಗಳ ಮೇಲೆ ನೆಟ್ಟ ಕಣ್ಣು ಅಲ್ಲೇ ಇತ್ತು, ಉಸಿರು ಮಾತ್ರ ಒಂದೇ ಸಮನೆ ಆಡುತ್ತಿತ್ತು. ತಟ್ಟೆ ಸುತ್ತಿ ಸುತ್ತಿ ತಾನಾಗಿ ನಿಂತಿತು.

ಜಯಮ್ಮನವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಹೋಗಲಿ ಹೋಗಲಿ ಎಂದು ಇಬ್ಬರೂ ಬೇಡಿಕೊಂಡಿದ್ದ ಭಯ ಹೋಗಿತ್ತು. ಬೆಟ್ಟದ ಮೇಲೆ ಕೂತಾಗಲೂ ನಾನು ಅಷ್ಟು ಹೆದರಿರಲಿಲ್ಲ. ಅವರ ಪಕ್ಕದಲ್ಲಿ ಮೊಣಕಾಲೂರಿ, ಕೇಳದಿದ್ದರೂ ಹೇಳಿದೆ, "ಕರಡಿ ಹೋಯ್ತು ಸರ್."

ಅವರು ಯಾವ ಕಡೆಗೂ ತಿರುಗಲಿಲ್ಲ.